ದೊಣೆಯ ಮೇಲಿಟ್ಟ ಚುಕ್ಕೆ
ಆದೋನಿಯ ನಮ್ಮ ಸುಯಮೀಂದ್ರರು ಭಾನುವಾರ ಗುಡ್ಡ ಹತ್ತುವಾಗ ಕೊರಳಲ್ಲಿ ಜಿಪಿಎಸ್ ಯಂತ್ರ, ಕೈಯಲ್ಲಿ ಮೂರು ನಕ್ಷೆ ಆ್ಯಪ್‌ಗಳಿರುವ ಫೋನು. ಯಾವುದು ಉತ್ತಮವೆಂದು ಕೇಳಿದವರನ್ನು ಚಹಾ ಆರುವವರೆಗೂ ಬಿಡುವವರಲ್ಲ: "ಫೋನು ಪ್ಯಾಟಿಗೆ, ಮಿಷನ್ನು ಗುಡ್ಡಕ್ಕರಿ. ಬ್ಯಾಟರಿ ನೋಡ್ರಿ, ಸಿಗ್ನಲ್ ನೋಡ್ರಿ!" ಎದುರಿಗೇ ಸೂರ್ಯ ಹುಟ್ಟುತ್ತಿದ್ದರೂ ಸಂಧ್ಯಾವಂದನೆಗೆ ಪೂರ್ವ ಯಾವುದೆಂದು ಅದರಲ್ಲೇ ನೋಡುತ್ತಾರೆ. ಯಾರನ್ನಾದರೂ ದಾರಿ ಕೇಳುವುದು ಅವರಿಗೆ ಅವಮಾನ. ಒಮ್ಮೆ ಮಾತ್ರ, ಎರಡರ ಬ್ಯಾಟರಿಯೂ ತುಂಬಿದ್ದು ನೀರಿನ ಬಾಟಲಿ ಬರಿದಾದಾಗ, ಕುರಿ ಕಾಯುವ ಸುಂಕಮ್ಮ ಬಂಡೆಗಳ ನಡುವೆ ಮಳೆನೀರು ನಿಲ್ಲುವ ದೊಣೆಗೆ ಕರೆದೊಯ್ದು ನೀರು ಕುಡಿಸಿದಳು. ಇವರು ನಕ್ಷೆಯಲ್ಲಿ ಅಲ್ಲೊಂದು ಚುಕ್ಕೆಯಿಟ್ಟು, ತಾವೇ ಕಂಡುಹಿಡಿದದ್ದೆಂದು ನಮ್ಮ ಚಾರಣದ ಗುಂಪಿಗೆ ಕಳಿಸಿದರು. ಮರುವಾರ ನಾವು ಇಪ್ಪತ್ತು ಜನ ಹೋಗಿ ಆ ದೊಣೆಯಲ್ಲಿ ಸೋಪು ಹಚ್ಚಿ ಮಿಂದೆವು. ಕುರಿಗಳು ಆ ನೀರನ್ನು ಮೂಸಿ ಹಿಂದೆ ಸರಿದವು. ಸುಯಮೀಂದ್ರರು ತಮ್ಮ ಚುಕ್ಕೆಯನ್ನು ಅಳಿಸಿದರು; ನಮ್ಮ ಫೋನುಗಳಲ್ಲಿ ಅದು ಇನ್ನೂ ಇದೆ. ಈಗ ಪ್ರತಿ ಭಾನುವಾರ ಸುಂಕಮ್ಮ ಎದುರಾಗಿ, "ಸಾರೂ, ಈ ಮಂದಿಗೆ ನಮ್ಮ ನೀರು ಯಾರು ತೋರಿಸ್ಯಾರೋ, ನಿಮ್ಮ ಮಿಷನ್ನಾಗ ನೋಡಿ ಹೇಳ್ರಿ" ಎನ್ನುತ್ತಾಳೆ. ಯಂತ್ರವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಅವಳ ಮುಖ ನೋಡದೆ ಅವರು ಹೇಳುತ್ತಾರೆ: "ಇಲ್ಲಿ ಸಿಗ್ನಲ್ ಇಲ್ಲಮ್ಮ."