ನಾನು ಕಲಸಿದ ಸೀರಮ್

ಕಳೆದ ರವಿವಾರ ನನ್ನ ಅಣ್ಣನ ಮನೆಗೆ ಕನ್ಯಾ ನೋಡಲು ಜನ ಬರಬೇಕಿತ್ತು. ಬರಲಿಲ್ಲ. ಬರಬೇಡಿ ಎಂದು ನಾವೇ ಫೋನ್ ಮಾಡಿ ಹೇಳಿದೆವು. ಹುಡುಗಿಯ ಮುಖ ಸುಟ್ಟಿತ್ತು. ಸುಟ್ಟವಳು ನಾನು.

ಗಾಬರಿಯಾಗಬೇಡಿ, ಕೊಳ್ಳಿ ಹಿಡಿದು ಸುಡಲಿಲ್ಲ. ಪ್ರೀತಿಯಿಂದ ಸುಟ್ಟೆ. (ಮನೆಯ ಹೆಣ್ಣುಮಕ್ಕಳಿಗೆ ಹೆಚ್ಚಿನ ಹಾನಿ ಆಗುವುದು ಹೀಗೆಯೇ.)

ಅಣ್ಣ ಐಗಳಿಯಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಅವನ ಮಗಳು ಸವಿತಾ ಬಿ.ಎಡ್. ಮುಗಿಸಿ, ನೌಕರಿಗೆ ಅರ್ಜಿ ಹಾಕಿ ಮನೆಯಲ್ಲಿದ್ದಾಳೆ. ಇದ್ದಾಳೆ ಅಂದರೆ ಸುಮ್ಮನೆ ಕೂತಿಲ್ಲ. ಬೆಳಿಗ್ಗೆ ಎದ್ದರೆ ತೋಟ. ಎಲೆ ನೋಡಿಯೇ ಬಳ್ಳಿಗೆ ಯಾವ ರೋಗ ಎಂದು ಹೇಳುತ್ತಾಳೆ. ಬಿಸಿಲಲ್ಲಿ ಓಡಾಡುವವಳ ಮೈಬಣ್ಣ ಅವಳದು. ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಫ್ಯಾನಿನ ಕೆಳಗೆ ನಿಂತು ಪಾಠ ಹೇಳುವ ಅವಳ ಸೋದರತ್ತೆ. ಬಣ್ಣದ ಚಿಂತೆ ಹತ್ತಿದ್ದು ನನಗೆ.

ಜುಗೂಳದ ಹುಡುಗ ಕಾಗವಾಡದ ಒಂದು ಮದುವೆಯಲ್ಲಿ ಅವಳನ್ನು ನೋಡಿದ್ದ. ಅವನ ಮನೆಯವರೇ ತಾವಾಗಿ ಹೇಳಿ ಕಳಿಸಿದ್ದರು. ಹುಡುಗಿಯ ಬಣ್ಣ ಹೇಗಿದೆ ಎಂದು ಅವರು ಯಾರೂ ಕೇಳಿರಲಿಲ್ಲ. ಇದನ್ನು ನೀವು ನೆನಪಿಡಿ. ನಾನು ಮರೆತೆ.

ಬುಧವಾರ ಐಗಳಿಗೆ ಹೋದೆ. ಬ್ಯಾಗಿನಲ್ಲಿ ಆನ್‌ಲೈನ್ ತರಿಸಿದ ವಿಟಮಿನ್ ಸಿ ಪುಡಿ, ನಿಯಾಸಿನಮೈಡ್ ಪುಡಿ, ಒಂದು ಬಾಟಲಿ ಗ್ಲೈಕೋಲಿಕ್ ಆಸಿಡ್. ಅಂಗಡಿಯ ಸೀರಮ್‌ಗಳಲ್ಲಿ ನಿಜವಾಗಿ ಕೆಲಸ ಮಾಡುವ 'ಆಕ್ಟಿವ್ಸ್' ಇವೇ, ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಮೊಬೈಲ್ ವಿಡಿಯೋದ ಹುಡುಗಿ ಹೇಳಿದ್ದಳು. ಎಲ್ಲವನ್ನೂ ಕೂಡಿಸಬೇಡಿ, ಒಂದೊಂದೇ ಹಚ್ಚಿ, ಸ್ವಲ್ಪದರಿಂದ ಶುರು ಮಾಡಿ ಎಂದೂ ಹೇಳಿದ್ದಳು. ಅದನ್ನು ಕೇಳಿ ನನಗೆ ನಗು ಬಂತು.

ಯಾಕೆ ಗೊತ್ತೇ? ನಾವು ದ್ರಾಕ್ಷಿ ಮನೆಯವರು. ಬೂದಿ ರೋಗಕ್ಕೊಂದು, ಹುಳಕ್ಕೊಂದು, ಕಾಯಿ ದಪ್ಪವಾಗಲಿಕ್ಕೊಂದು ಎಂದು ಮೂರು ಮೂರು ಸಲ ಔಷಧ ಹೊಡೆಯುತ್ತ ಹೋದರೆ ಹಂಗಾಮೇ ಮುಗಿದುಹೋಗುತ್ತದೆ. ಕೂಡುವಂಥವನ್ನು ಒಂದೇ ಡ್ರಮ್ಮಿಗೆ ಸುರಿದು ಒಂದೇ ಸಲ ಹೊಡೆಯುವುದು ನಮ್ಮ ರೂಢಿ. ಚಿಕ್ಕವಳಿದ್ದಾಗ ಆ ಡ್ರಮ್ಮಿನಲ್ಲಿ ಕೋಲಾಡಿಸಿದವಳು ನಾನು. ನನಗೆ ಮಿಕ್ಸಿಂಗ್ ಹೇಳಿಕೊಡಲು ಈ ಹುಡುಗಿ ಯಾರು?

ಅಳತೆ? ಅದೂ ತೋಟದ್ದೇ. ತೋಟದ ಆಳುಗಳು ಔಷಧವನ್ನು ಬಾಟಲಿಯ ಮುಚ್ಚಳದಲ್ಲಿ ಅಳೆಯುತ್ತಾರೆ, ಪಂಪಿಗೆ ಇಷ್ಟು ಮುಚ್ಚಳ ಎಂದು. ನಾನೂ ಗುಲಾಬಿ ನೀರಿಗೆ ಪುಡಿಗಳನ್ನು ಒಂದೊಂದು ಮುಚ್ಚಳ ಹಾಕಿದೆ, ಆಸಿಡ್ ಎರಡು ಮುಚ್ಚಳ. ಅಲ್ಲಾಡಿಸಿ ಬೆಳಕಿಗೆ ಹಿಡಿದೆ. ಔಷಧ ಕೂಡದಿದ್ದರೆ ಮೊಸರಿನ ಹಾಗೆ ಒಡೆಯುತ್ತದೆ. ಇದು ಒಡೆದಿರಲಿಲ್ಲ, ತಿಳಿಯಾಗಿತ್ತು. ಪಾಸ್!

"ಅತ್ತಿ, ಮೊದ್ಲ ಕೈಗೆ ಸ್ವಲ್ಪ ಹಚ್ಚಿ ನೋಡೂಣೇನ್ರಿ?" ಎಂದಳು ಸವಿತಾ. "ಹೊಸಾ ಔಷಧ ಇದ್ರ ಅಪ್ಪ ಕಡೀ ಸಾಲಿಗೆ ಅಷ್ಟ ಹೊಡದು ಎರಡ ದಿನಾ ಕಾಯ್ತಾನ."

"ರವಿವಾರ ಅವ್ರು ಬರ್ತಾರ. ಕಾಯಾಕ ಟೈಮ್ ಎಲ್ಲೈತಿ ನಮ್ಮವ್ವಾ?"

ಹಚ್ಚಿದೆ. ನನ್ನ ಕೈಯಾರೆ.

"ಅತ್ತಿ, ಉರಿಯಾಕತ್ತೈತ್ರಿ."

"ಉರದ್ರನ ಅದು ಕೆಲಸ ಮಾಡೂದು. ಸುಮ್ನ ಕೂಡು."

ಕೂತಳು. ಓದಿದ ಅತ್ತೆ ಸುಳ್ಳು ಹೇಳುತ್ತಾಳೆಯೇ? ಗುರುವಾರ ಬೆಳಿಗ್ಗೆ ಮತ್ತೆ ಹಚ್ಚಿದೆ, ಸಂಜೆ ಇನ್ನೊಮ್ಮೆ. ಕೆನ್ನೆ ಕೆಂಪಾದಾಗ 'ಗ್ಲೋ ಬಂತು' ಎಂದೆ. (ದೇವರಾಣೆ, ಹಾಗೆಯೇ ಎಂದೆ.) ಶುಕ್ರವಾರ ಎದ್ದು ನೋಡಿದರೆ ಎರಡೂ ಕೆನ್ನೆಯ ಚರ್ಮ ಸುಲಿದು ನೀರು ಒಸರುತ್ತಿತ್ತು.

ಅಥಣಿಗೆ, ಚರ್ಮದ ಡಾಕ್ಟರ ಹತ್ತಿರ ಓಡಿದೆವು.

"ಆಸಿಡ್ ಎಷ್ಟ ಪರ್ಸೆಂಟ್ ಹಾಕಿದ್ರಿ?" ಎಂದರು ಅವರು.

"ಎರಡ ಮುಚ್ಚಳ್ರಿ."

ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನೀವು ಏನ್ ಮಾಡ್ತೀರಿ ಎಂದು ಕೇಳಿದರು. ಲೆಕ್ಚರರ್ ಎಂದು ಹೇಳಲು ನಾಲಿಗೆ ಏಳಲಿಲ್ಲ. ಗಾಯ ಮಾಯುತ್ತದಂತೆ. ಆದರೆ ಕಪ್ಪು ಕಲೆ ಉಳಿಯುತ್ತದಂತೆ, ಪೂರ್ತಿ ಹೋಗುತ್ತದೋ ಇಲ್ಲವೋ ಈಗಲೇ ಹೇಳಲಾಗದಂತೆ. ಅಲ್ಲಿಯತನಕ ಬಿಸಿಲಿಗೆ ಹೋಗುವಂತಿಲ್ಲ. ಅಂದರೆ ತೋಟಕ್ಕೆ ಹೋಗುವಂತಿಲ್ಲ. ಅಷ್ಟು ಹೊತ್ತು ತಡೆದುಕೊಂಡಿದ್ದ ಸವಿತಾ ಆ ಮಾತಿಗೆ ಅತ್ತಳು.

ಜುಗೂಳದವರು ಸಿಟ್ಟಾಗಲಿಲ್ಲ. "ಆರಾಮ ಆಗ್ಲಿ ತಗೋರಿ, ಆಮ್ಯಾಲ ಬರ್ತೀವಿ" ಎಂದರು. ಆಮೇಲೆ ಅವರ ಫೋನ್ ಬಂದಿಲ್ಲ. ಸವಿತಾಳ ತಾಯಿ, ನನ್ನ ವೈನಿ, ಚಹಾ ತಂದು ನನ್ನ ಮುಂದಿಟ್ಟರು. ಮುಖ ನೋಡಲಿಲ್ಲ.

ಅಣ್ಣ ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎದೆ ಹಗುರಾಗುತ್ತಿತ್ತು. "ಬಳ್ಳಿ ಸುಟ್ರ ಮುಂದಿನ ಚಾಟನಿಗೆ ಹೊಸಾ ಚಿಗರ ಬರ್ತೈತಿ..." ಎಂದ. (ಚಾಟನಿ ಎಂದರೆ ನಮ್ಮ ಕಡೆ ಬಳ್ಳಿ ಸವರುವುದು.) ಎದ್ದು ತೋಟದ ಕಡೆ ನಡೆದ.

ಕನ್ಯಾ ನೋಡುವ ದಿನ ಗೊತ್ತಾದರೆ ಸಾಕು, ನಮ್ಮ ಮನೆಗಳಲ್ಲಿ ಅತ್ತೆ, ಕಾಕು, ಅಜ್ಜಿ ಎಲ್ಲರೂ ಡಾಕ್ಟರಾಗುತ್ತಾರೆ. ಒಬ್ಬಳು ನಿಂಬೆಹಣ್ಣು ತಿಕ್ಕುತ್ತಾಳೆ, ಇನ್ನೊಬ್ಬಳು ಅಡುಗೆ ಸೋಡಾ. ಅವರನ್ನು ಕಂಡು ನಾನು ನಕ್ಕಿದ್ದೇನೆ. ಮೈಬಣ್ಣದ ಹುಚ್ಚಿನ ಬಗ್ಗೆ ಕಾಲೇಜಿನಲ್ಲಿ ಭಾಷಣ ಮಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಇದೇ ಅಂಕಣದಲ್ಲಿ ಬರೆದದ್ದೂ ಉಂಟು, ನೀವು ಓದಿ ಮೆಚ್ಚಿದ್ದೂ ಉಂಟು. ಅವರಿಗೂ ನನಗೂ ಏನು ಫರಕು? ಅವರು ಓದಿಲ್ಲ, ಅದಕ್ಕೆ ನಿಂಬೆಹಣ್ಣು. ನಾನು ಓದಿದ್ದೇನೆ, ಅದಕ್ಕೆ ಆಸಿಡ್. ನಾಚಿಕೆಯಾಗುತ್ತದೆ. ಈ ಸಾಲು ಬರೆಯುವಾಗಲೂ ಆಗುತ್ತಿದೆ.

ನಿನ್ನೆ ಮತ್ತೆ ಐಗಳಿಗೆ ಹೋಗಿದ್ದೆ. ಸವಿತಾ ಕಿಟಕಿಯ ಹತ್ತಿರ ಕೂತು, ತಲೆತುಂಬ ಓಢಣಿ ಹೊದ್ದು, ತೋಟದಲ್ಲಿ ಔಷಧ ಹೊಡೆಯುವ ಸಪ್ಪಳ ಕೇಳುತ್ತಿದ್ದಳು. ಪಕ್ಕದಲ್ಲಿ ಕೂತು ಡಾಕ್ಟರು ಕೊಟ್ಟ ಮುಲಾಮು ಹಚ್ಚಲು ಕೈ ಚಾಚಿದೆ. ಅವಳು ಮುಖ ಹಿಂದೆಳೆದುಕೊಂಡಳು. ಮುಲಾಮನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲು ಮೊಣಕೈಗೆ ಒಂದಿಷ್ಟು ಹಚ್ಚಿಕೊಂಡು ನೋಡಿದಳು.

ಆಮೇಲೆ ಕೇಳಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಅತ್ತಿ, ಖರೇ ಹೇಳ್ರಿ. ಮೊದ್ಲ ನನ್ನ ಮಾರಿಗೆ ಯಾವ ರೋಗ ಬಂದಿತ್ರಿ?"