ಎಮ್ಮೆ ಗುರುತಿಸದ ಕಾಲು

ಕಾಕು ಎಷ್ಟೇ ನೆಟ್ಟಗೆ ನಿಂತರೂ ಎರಡು ಮೊಣಕಾಲುಗಳ ನಡುವೆ ಒಂದು ಚರಿಗೆ ಸರಾಗವಾಗಿ ಹಾಯುವಷ್ಟು ಸಂದಿ ಇರುತ್ತಿತ್ತು. ಸದಲಗಾದ ನಮ್ಮ ಓಣಿಯಲ್ಲಿ ಬಾಜೂ ಮನೆಯ ಹೆಂಗಸು ಅವರು; ಚಿಕ್ಕಮ್ಮನಿಗೆ ನಮ್ಮ ಕಡೆ ಕಾಕು ಎನ್ನುತ್ತೇವೆ. ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊಣಕಾಲುಗಳ ನಡುವೆ ಬಕೀಟು ಹಿಡಿದು, ಹಿಂಡುವಷ್ಟು ಹೊತ್ತೂ ಅದನ್ನು ಬೈಯುತ್ತಿದ್ದರು. ನಾನು ದಿನಾ ಬೆಳಿಗ್ಗೆ ಎದ್ದದ್ದು ಆ ಬೈಗುಳಕ್ಕೆ; ಅರ್ಧ ಕನ್ನಡ ಕಲಿತದ್ದೂ ಅದರಿಂದಲೇ.

ಐವತ್ತು ತುಂಬುವ ಮೊದಲೇ ಅವರ ಬಲ ಮೊಣಕಾಲು ಸವೆಯತೊಡಗಿತು. ಕೂತರೆ ಏಳಲು ಎಮ್ಮೆಯ ಬಾಲ ಹಿಡಿಯಬೇಕು. ನಾನೇ ಕೊಲ್ಹಾಪುರದ ಡಾಕ್ಟರ ಹತ್ತಿರ ಕರೆದೊಯ್ದೆ.

"ಕೀಲ ಬದ್ಲ ಮಾಡೂದು ಬ್ಯಾಡ್ರಿ," ಎಂದರು ಡಾಕ್ಟರು. ಸವೆದದ್ದು ಒಳಬದಿ ಮಾತ್ರ, ಹೊರಬದಿ ಗಟ್ಟಿಯಿತ್ತು. ಮೊಣಕಾಲ ಕೆಳಗಿನ ಎಲುಬನ್ನು ಕೊಯ್ದು, ತುಸು ತೆರೆದು, ಲೋಹದ ಪಟ್ಟಿ ಕೂರಿಸಿ ಕಾಲು ನೆಟ್ಟಗೆ ಮಾಡಿದರೆ ಮೈಭಾರ ಗಟ್ಟಿ ಬದಿಗೆ ಸರಿಯುತ್ತದಂತೆ.

"ಅಂದ್ರ ಕಬ್ಬಿನ ಗಾಡಿ ಒಂದ ಕಡೆ ವಾಲೈತಿ. ಗಾಲಿ ಬಿಚ್ಚೂದಲ್ಲ, ಹೇರು ಸರಿ ಮಾಡೂದು. ಹೌದಲ್ರಿ?" ಎಂದರು ಕಾಕು. ಡಾಕ್ಟರು ನಕ್ಕರು. ಕಾಕು ಬಿಡಲಿಲ್ಲ: "ಮತ್ತ ಕುಂತು ಹಿಂಡಾಕ ಬರತೈತಿಲ್ರಿ?"

"ಎಲುಬ ಕೂಡ್ಲಿ, ಆಮ್ಯಾಲ ನೋಡೂಣ್ರಿ."

ಕಾಕುವಿಗೆ ಬೇಕಿದ್ದದ್ದು ಕೂತು ಹಿಂಡುವುದೊಂದೇ.

ಆಪರೇಶನ್ ಆದ ಮೇಲೆ ತಿಂಗಳುಗಟ್ಟಲೆ ಸೊಸೆ ಹಿಂಡಿದಳು; ಎಮ್ಮೆ ಅರ್ಧ ಹಾಲು ಕದ್ದಿಟ್ಟುಕೊಂಡಿತು. ಡಾಕ್ಟರು ಒಪ್ಪಿಗೆ ಕೊಟ್ಟ ಮರುದಿನವೇ ಕಾಕು ಕೊಟ್ಟಿಗೆಗೆ ಬಂದರು. ಒಂದು ಕಾಲು ನೆಟ್ಟಗೆ, ಇನ್ನೊಂದು ಹಳೆಯ ಬಿಲ್ಲು. ಹೆದರಿಕೆಗೆ ತುಟಿ ಬಿಗಿಹಿಡಿದು ಮೆಲ್ಲಗೆ ಕುಕ್ಕರಿಸಿದರು. ಕಾಲು ಮಡಚಿತು! ಆದರೆ ಹೊಸ ಹೆಜ್ಜೆಯ ಸಪ್ಪಳಕ್ಕೇ ಬೆದರಿದ್ದ ಎಮ್ಮೆ ದೂರ ಸರಿಯಿತು, ತೊರೆ ಬಿಡಲಿಲ್ಲ, ಹಾಲು ಇಳಿಯಲಿಲ್ಲ.

"ಗುರುತ ಹಿಡೀವಲ್ದೋ ತಮ್ಮಾ," ಎಂದರು ಬಾಗಿಲಲ್ಲಿ ನಿಂತಿದ್ದ ನನಗೆ. ಕಣ್ಣು ತುಂಬಿದ್ದವು. ಆಪರೇಶನ್ನಿಗೂ ಅತ್ತವರಲ್ಲ.

"ಬಾಯಿ ಮುಚ್ಚಿ ಕುಂತ್ರ ಹೆಂಗ ಹಿಡೀತೈತ್ರಿ ಕಾಕು? ಬೈರಿ ಅದಕ್ಕ!" ಎಂದೆ.

ಕಾಕು ಉಸಿರೆಳೆದುಕೊಂಡರು. "ಏನಬೇ ಬಿಗುಮಾನದಾಕಿ! ಕಾಲ ನೆಟ್ಟಗಾದ್ರ ಬಾಯಿನೂ ನೆಟ್ಟಗ ಆಕ್ಕೈತಿ ಅಂದ್ಕೊಂಡಿಯೇನ? ನನ್ನ ಸೊಸಿಗಿ ಅರ್ಧಾ ಹಾಲ ಕೊಟ್ಟು ಕಳಸ್ತೀ, ನಾಚಿಕಿ ಇಲ್ಲಾ?"

ಎಮ್ಮೆಯ ಕಿವಿ ಇತ್ತ ತಿರುಗಿತು. ಬಕೀಟಿನ ತಳಕ್ಕೆ ಸರ್ರನೆ ಹಾಲು ಬಿತ್ತು. ಬೈಗುಳ ಮುಗಿದಾಗ ಕಾಕು ಬಾಲ ಹಿಡಿಯದೆ ಎದ್ದು ನಿಂತರು.

ಈಗಲೂ ಮನಸ್ಸು ಬಿಗಿದುಕೊಂಡ ದಿನ ಹೋಗಿ ಆ ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತೇನೆ.

"ಯಾಕೋ, ನಿನ್ನೂ ಬೈಬೇಕೇನ?" ಎನ್ನುತ್ತಾರೆ ಕಾಕು, ತಿರುಗಿ ನೋಡದೆ.

"ಹೌದ್ರಿ," ಎನ್ನುತ್ತೇನೆ.