ಆ ಕಡಸು ಯಾರದು

ಚಂದಕವಾಡಿ ಹೋಬಳಿಯ ಹಳ್ಳಿಗಳಲ್ಲಿ ನಾನು ಪಶು ಆಸ್ಪತ್ರೆಯ ನೌಕರನಾಗಿ ಒಂಬತ್ತು ವರ್ಷ ಓಡಾಡಿದೆ. ನಾನು ಡಾಕ್ಟರಲ್ಲ. ಲಸಿಕೆ ಹಾಕುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಕರು ಹಾಕಲು ಕಷ್ಟಪಡುವ ಹಸುವಿಗೆ ನೆರವಾಗುವುದು ನನ್ನ ಕೆಲಸ. ಹಳ್ಳಿಯವರಿಗೆ ಮಾತ್ರ ನಾನು ‘ಡಾಕ್ಟ್ರು’. ಹಾಗೆ ಕರೆಸಿಕೊಳ್ಳುತ್ತ ನನಗೊಂದು ಅಭ್ಯಾಸ ಅಂಟಿತ್ತು. ಯಾರು ಏನು ಕೇಳಿದರೂ ಥಟ್ಟನೆ ಉತ್ತರ ಹೇಳಿಬಿಡುತ್ತಿದ್ದೆ. ತಡವರಿಸಿದರೆ ಜನ ನಂಬುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಮೊದಲ ವಾರವೇ ಹೇಳಿಕೊಟ್ಟಿದ್ದರು.

ಒಂದು ಬೆಳಿಗ್ಗೆ ಪುಣಜನೂರಿನ ಕಡೆಯ ಹಳ್ಳಿಯೊಂದರಿಂದ ಫೋನ್ ಬಂತು. ಹಿಂದಿನ ವರ್ಷ ಆ ಊರಿನ ಎರಡು ಮನೆಗಳ ಕೆಂಪು ಹೆಣ್ಣುಗರುಗಳು ಕಾಡಂಚಿಗೆ ಮೇಯಲು ಹೋದವು ಹಿಂತಿರುಗಿರಲಿಲ್ಲ. ಚಿರತೆಯ ಪಾಲಾದವೆಂದು ಎಲ್ಲರೂ ಕೈಬಿಟ್ಟಿದ್ದರು. ಈಗ ಬೆಳೆದ ಕಡಸೊಂದು ದೂರದ ಹಳ್ಳಿಯ ಮಂದೆಯಲ್ಲಿ ಸೇರಿಕೊಂಡಿದ್ದು ಕಂಡು, ಅಲ್ಲಿಯವರೇ ಹೇಳಿಕಳಿಸಿ ಒಪ್ಪಿಸಿದ್ದರು. ಕಿವಿಗೆ ಹಾಕಿದ ಗುರುತಿನ ಹಳದಿ ಬಿಲ್ಲೆ ಮುಳ್ಳಿಗೆ ಸಿಕ್ಕಿ ಹರಿದುಹೋಗಿತ್ತು. ಕಡಸು ಒಂದೇ, ಕೇಳುವ ಮನೆ ಎರಡು.

ನಾನು ಹೋದಾಗ ಊರಿನವರು ಹಾಲಿನ ಡೈರಿಯ ಮುಂದೆ ಸೇರಿದ್ದರು. ಒಂದು ಕಡೆ ಅರಿಸಿನ ಬೆಳೆಯುವ ಅನುಕೂಲಸ್ಥ ರೈತರೊಬ್ಬರು, ಕುರ್ಚಿಯಲ್ಲಿ. ಇನ್ನೊಂದು ಕಡೆ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು, ನಿಂತುಕೊಂಡು. ರೈತರ ಕರು ಕಾಣೆಯಾಗುವ ಮೊದಲು ಅದಕ್ಕೆ ತಂತಿ ಬೇಲಿ ತಗುಲಿ ತೊಡೆ ಸೀಳಿತ್ತು. ಹೊಲಿಗೆ ಹಾಕಿದವನು ನಾನೇ. ಅದಕ್ಕೇ ನನ್ನನ್ನು ಕರೆಸಿದ್ದರು.

“ನಮ್ದು ಅಂತ ಕಾಣ್ತದೆ. ಡಾಕ್ಟ್ರು ನೋಡಿ ಯೋಳ್ಲಿ” ಎಂದರು ರೈತರು.

ಹೆಂಗಸನ್ನು ಕೇಳಿದೆ. “ನಮ್ದೇ ಇರ್ಬೋದು ಕಣಪ್ಪ. ಮೊಕ ನೋಡುದ್ರೆ ನಮ್ ಕರ ಇದ್ದಂಗೇ ಅದೆ. ಆದ್ರೆ ವರ್ಸ ಆಯ್ತಲ್ಲ, ಆಣೆ ಮಾಡಿ ಯೋಳಕ್ಕಾಗ್ದು” ಎಂದಳು.

‘ಇರಬಹುದು’ ಎನ್ನುವವಳದು ಹೇಗೆ ತಾನೇ ಆದೀತು ಎಂದುಕೊಂಡೆ. ಕಡಸಿನ ಬಲ ತೊಡೆಯ ಮೇಲೆ ಉದ್ದನೆಯ ಗಾಯದ ಕಲೆಯಿತ್ತು. ಬೆರಳಾಡಿಸಿ ನೋಡಿ, “ಇದು ನಾನೇ ಹಾಕಿದ ಹೊಲಿಗೆ. ಇವ್ರದೇ ಕಡಸು. ಅನುಮಾನನೇ ಬೇಡ” ಎಂದೆ.

ಅವಳು ಕಡಸಿನ ಬೆನ್ನು ಒಮ್ಮೆ ಸವರಿದಳು. “ಡಾಕ್ಟ್ರು ಯೋಳುದ್ ಮ್ಯಾಲೆ ಇನ್ನೇನು. ಕಟ್ಕೊಂಡೋಗಿ” ಎಂದು ಖಾಲಿ ಹಾಲಿನ ಕ್ಯಾನು ಎತ್ತಿಕೊಂಡು ಹೊರಟಳು.

ಮರುವರ್ಷ ನನಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಬೀರು ಖಾಲಿ ಮಾಡುವಾಗ ಚಿಕಿತ್ಸೆಯ ವಿವರ ಬರೆದಿಡುತ್ತಿದ್ದ ಹಳೆಯ ಪುಸ್ತಕಗಳು ಸಿಕ್ಕವು. ಎಸೆಯುವ ಮೊದಲು ಸುಮ್ಮನೆ ಪುಟ ತಿರುವುತ್ತಿದ್ದೆ. ಆ ರೈತರ ಕರುವಿನ ವಿಷಯ ನನ್ನದೇ ಅಕ್ಷರದಲ್ಲಿತ್ತು: ತಂತಿ ಗಾಯ, ಎಡ ತೊಡೆ, ಏಳು ಹೊಲಿಗೆ.

ಮೊದಲು ಸಮಾಧಾನ ಹುಡುಕಿಕೊಂಡೆ. ಅವಸರದಲ್ಲಿ ಬಲವನ್ನು ಎಡವೆಂದು ಬರೆದಿರಬಹುದಲ್ಲ? ಬರೆದಿರಬಹುದು. ಆದರೆ ಅಂದು ಹಾಲಿನ ಡೈರಿಯ ಮುಂದೆ ನಿಂತಾಗ ಈ ‘ಬಹುದು’ ನನ್ನ ಬಾಯಿಗೆ ಬಂದಿರಲಿಲ್ಲ. ಆ ಹೊಲಿಗೆ ಯಾವ ಕಡೆಯದೆಂದು ನಿಜವಾಗಿ ನೆನಪಿತ್ತೇ, ಕಲೆ ಕಂಡ ಮೇಲೆ ನೆನಪು ಅಲ್ಲಿಗೆ ಹೋಗಿ ಕೂತಿತೇ? ಕಾಡಂಚಿನಲ್ಲಿ ಅಲೆದ ಕಡಸಿಗೆ ಮುಳ್ಳು ಸೀಳಿಯೂ ಅಂಥ ಕಲೆ ಬಿದ್ದಿರಬಹುದು. ರೈತರ ಮನೆಯಲ್ಲಿ ಹತ್ತಾರು ಸಲ ಕಾಫಿ ಕುಡಿದವನು ನಾನು. ಅದೂ ಲೆಕ್ಕಕ್ಕೆ ಬಂದಿತ್ತೇನೋ.

ಹೋಗಿ ಹೇಳಬೇಕೆಂದು ಅಂದೇ ಅನ್ನಿಸಿತು. ಹೋಗಲು ಮೂರು ವಾರ ಹಿಡಿಯಿತು. ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳ ನಡುವೆ ಬೈಕ್ ಓಡಿಸುವಾಗಲೂ ಎಡ ತೊಡೆ, ಬಲ ತೊಡೆ ಎಂದೇ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಒಂದು ಭಾನುವಾರ ಚಾಮರಾಜನಗರ ದಾಟಿ ಆ ಹಳ್ಳಿಗೆ ಹೋದೆ.

ಕಡಸು ಹಸುವಾಗಿತ್ತು. ಹೆಣ್ಣುಗರು ಹಾಕಿ ತಿಂಗಳಾಗಿತ್ತು. ರೈತರಿಗೆ ಪುಸ್ತಕ ತೋರಿಸಿದೆ. ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು.

“ನಂಗೂ ಒಂಚೂರು ಅನುಮಾನ ಇತ್ತು ಕಣಪ್ಪ. ಕರ್ಕೊಂಡ್ ಬಂದಾಗ ನಮ್ ಕೊಟ್ಗೆ ಗುರ್ತೇ ಇಲ್ದಂಗೆ ನಿಂತಿತ್ತು. ನೀವು ಅಷ್ಟ್ ಗಟ್ಟಿಯಾಗಿ ಯೋಳ್ಬುಟ್ರಲ್ಲ, ನಾನ್ಯಾಕೆ ಅಲ್ಲ ಅನ್ಲಿ ಅಂತ ಸುಮ್ಕಾದೆ.”

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಅಂದು ಅಲ್ಲಿ ಅನುಮಾನವಿಲ್ಲದವನು ನಾನೊಬ್ಬನೇ. ಉಳಿದ ಇಬ್ಬರ ಬಾಯಿ ಮುಚ್ಚಿಸಲು ಅಷ್ಟು ಸಾಕಾಗಿತ್ತು.

ಇಬ್ಬರೂ ಅವಳ ಮನೆಗೆ ನಡೆದೆವು. ಅವಳು ಹುರುಳಿ ಒಣಹಾಕುತ್ತಿದ್ದಳು. ಎಲ್ಲ ಕೇಳಿ, “ಈಗೇನು, ನಮ್ದೇ ಅಂತೀರಾ?” ಎಂದಳು.

“ಅದನ್ನೂ ಹೇಳಕ್ಕಾಗಲ್ಲಮ್ಮ. ಪುಸ್ತಕದಲ್ಲೇ ತಪ್ಪು ಬರೆದಿರಬಹುದು. ನನಗೆ ಗೊತ್ತಿಲ್ಲ.”

ಅವಳು ಸೆರಗು ಬಾಯಿಗಿಟ್ಟು ನಕ್ಕಳು. “ಅವತ್ತು ನಾನೂ ಅದ್ನೇ ಅಲ್ವ ಯೋಳಿದ್ದು?”

ರೈತರು ಹಸುವನ್ನೇ ಹೊಡೆದುಕೊಂಡು ಬರುತ್ತೇನೆ ಎಂದರು. ಅವಳು ಒಪ್ಪಲಿಲ್ಲ. “ವರ್ಸೊಪ್ಪತ್ತು ಮೇಯ್ಸಿದ್ದೀರಿ, ಅಸ ನಿಮ್ಮಲ್ಲೇ ಇರ್ಲಿ. ಕರ ಹಾಲು ಬುಟ್ ಮ್ಯಾಲೆ ನಂಗ್ ಕೊಡಿ.” ರೈತರು ಹೂಂ ಎಂದರು. ಕೆಲವು ತಿಂಗಳ ನಂತರ ಅವರೇ ನನ್ನ ಮೊಬೈಲಿಗೆ ಚಿತ್ರ ಕಳಿಸಿದರು: ಅವಳ ಮನೆ ಮುಂದೆ ಕಟ್ಟಿದ ಕರು, ಪಕ್ಕದಲ್ಲಿ ಅವಳ ಸೊಸೆ.

ಸುದ್ದಿ ಹರಡಿ, ಎಡಬಲ ಗೊತ್ತಿಲ್ಲದ ಡಾಕ್ಟ್ರು ಎಂದು ಆ ಕಡೆ ಕೆಲವರು ಆಡಿಕೊಂಡರಂತೆ. ಗುಂಡ್ಲುಪೇಟೆಯಲ್ಲೂ ‘ಗೊತ್ತಿಲ್ಲ’ ಎಂಬ ನನ್ನ ಹೊಸ ಮಾತು ಎಲ್ಲರಿಗೂ ಹಿಡಿಸಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ಹಸುವೊಂದು ಕರು ಹಾಕಿ ಮಲಗಿದ್ದು ಎದ್ದಿರಲಿಲ್ಲ. “ಬದುಕ್ತದಾ ಸಾ?” ಎಂದು ಮನೆಯಾತ ಕೇಳಿದ. “ಗೊತ್ತಿಲ್ಲ. ನಾಳೆ ಬಂದು ಮತ್ತೆ ನೋಡ್ತೀನಿ” ಎಂದೆ. ಅವನ ಮುಖ ಸಪ್ಪಗಾಯಿತು.

ಮರುದಿನವೂ ಅದು ಹಾಗೇ ಮಲಗಿತ್ತು. ಕ್ಯಾಲ್ಸಿಯಂ ಕೊರತೆ ಇರಬಹುದೆಂದು ಹಿಂದಿನ ದಿನ ನಾನು ಔಷಧ ಕೊಟ್ಟಿದ್ದು ಸರಿಯಿಲ್ಲವೇನೋ ಎಂದು ವೈದ್ಯರಿಗೆ ಫೋನ್ ಮಾಡಿ ಹೇಳಿದೆ. ಅವರು ಬಂದು ನೋಡಿ ಔಷಧ ಬದಲಿಸಿದರು. ನಾನು, ಮನೆಯಾತ ಸೇರಿ ಹಸುವಿನ ಮಗ್ಗುಲು ಬದಲಿಸಿ, ಕೆಳಗೆ ಹುಲ್ಲು ಹಾಸಿ, ಅದು ಏಳುತ್ತದೋ ಎಂದು ಕಾಯುತ್ತ ಪಕ್ಕದಲ್ಲೇ ಕುಳಿತೆವು.